ಸೀರೆ ಕನ್ನಡಿಯ ಮುಂದೆ ಬ್ಯಾಕ್‌ಸ್ವಿಂಗ್

ರಾತ್ರಿ ಎಂಟೂಮುಕ್ಕಾಲಿಗೆ ಅಂಗಡಿಯ ಶಟರ್ ಅರ್ಧ ಎಳೆಯುತ್ತೇವೆ. ಆಮೇಲೂ ಅರ್ಧ ಗಂಟೆ ಕೆಲಸ ಇರುತ್ತದೆ. ಗಿರಾಕಿಗಳು ಬಿಚ್ಚಿಸಿ ನೋಡಿ ಬಿಟ್ಟುಹೋದ ಸೀರೆಗಳನ್ನು ಮಡಿಚಬೇಕು. ಥಾನುಗಳನ್ನು ಸುತ್ತಿ ರ‍್ಯಾಕಿಗೆ ಸೇರಿಸಬೇಕು. ಗಲ್ಲಾದ ಲೆಕ್ಕ ಮುಗಿಸಬೇಕು. ಅದೆಲ್ಲ ಆದ ಮೇಲೆ ನಾನು ಗೋಡೌನ್ ಬಾಗಿಲ ಹಿಂದೆ ಇಟ್ಟಿರುವ ಸೆವೆನ್ ಐರನ್ ಅನ್ನುವ ಗಾಲ್ಫ್ ಕ್ಲಬ್ಬನ್ನು, ಅಂದರೆ ಚೆಂಡು ಹೊಡೆಯುವ ಕೋಲನ್ನು, ತೆಗೆಯುತ್ತೇನೆ. ಮದುಮಗಳು ಸೀರೆಯನ್ನು ಹೆಗಲ ಮೇಲೆ ಹಾಕಿಕೊಂಡು ನೋಡಿಕೊಳ್ಳುವ ಆಳೆತ್ತರದ ಕನ್ನಡಿ ಇದೆಯಲ್ಲ, ಅದರ ಮುಂದೆ ನಿಲ್ಲುತ್ತೇನೆ. ಚೆಂಡು ಇಲ್ಲ, ಹುಲ್ಲು ಇಲ್ಲ. ಕ್ಲಬ್ಬನ್ನು ನಿಧಾನಕ್ಕೆ ಹಿಂದಕ್ಕೆ ಒಯ್ದು, ಮೇಲೆ ನಿಲ್ಲಿಸಿ, ಸುಮ್ನೆ ನೋಡುತ್ತೇನೆ.

ದಾವಣಗೆರೆಯಲ್ಲಿ ಕೂತು ಗಾಲ್ಫ್ ಹೇಗೆ ಆಡ್ತೀಯ ಅಂತ ಬೆಂಗಳೂರಿನ ಗೆಳೆಯರು ಕೇಳುತ್ತಿರುತ್ತಾರೆ. ಆಡುವುದು ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ. ಚಿಕ್ಕಮಗಳೂರಿಗೆ ಹೋಗುತ್ತೇನೆ, ಇಲ್ಲವೇ ಬೆಂಗಳೂರಿಗೆ ಸರಕು ತರಲು ಹೋದಾಗ ಅರ್ಧ ದಿನ ಉಳಿಸಿಕೊಳ್ಳುತ್ತೇನೆ. ಆದರೆ ಕಲಿಯುವುದು ಇಲ್ಲೇ, ಅಂಗಡಿಯಲ್ಲೇ. ಗಾಲ್ಫಿನಲ್ಲಿ ಎಲ್ಲಕ್ಕೂ ಮೈದಾನ ಬೇಕು. ಚೆಂಡನ್ನು ಗುಳಿಗೆ ಉರುಳಿಸುವ ಪಟ್ ಮಾಡಲು ಗ್ರೀನ್ ಅನ್ನುವ ನುಣುಪು ಹುಲ್ಲುಹಾಸು ಬೇಕು, ಮೆಲ್ಲಗೆ ಎತ್ತಿ ಹಾಕುವ ಚಿಪ್ ಮಾಡಲು ಹುಲ್ಲು ಬೇಕು, ಮರಳಿನಿಂದ ಎತ್ತಲು ಬಂಕರ್ ಬೇಕು. ಬ್ಯಾಕ್‌ಸ್ವಿಂಗ್ ಒಂದಕ್ಕೆ, ಅಂದರೆ ಹೊಡೆಯುವ ಮೊದಲು ಕ್ಲಬ್ಬನ್ನು ಹಿಂದಕ್ಕೆ ಒಯ್ಯುವುದಕ್ಕೆ, ಇವ್ಯಾವುದೂ ಬೇಡ. ಅದು ಮುಗಿಯುವವರೆಗೂ ಚೆಂಡಿಗೆ ಏನೂ ಆಗಿರುವುದಿಲ್ಲ. ಎರಡೂವರೆ ಮೀಟರ್ ಖಾಲಿ ಜಾಗ, ಒಂದು ಕನ್ನಡಿ, ನೋಡುವ ಕಣ್ಣು ಇದ್ದರೆ ಆಯ್ತು.

ನಾನು ಗಾಲ್ಫನ್ನು ಮೊದಲು ನೋಡಿದ್ದು ಬಸ್ಸಿನ ಕಿಟಕಿಯಿಂದ. ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾಗ ದಿನಾ ಸ್ಯಾಂಕಿ ರಸ್ತೆಯಲ್ಲಿ ಓಡಾಡುತ್ತಿದ್ದೆ. ಅಲ್ಲೇ ಬೆಂಗಳೂರು ಗಾಲ್ಫ್ ಕ್ಲಬ್ ಇದೆ. 1876ರಲ್ಲಿ ಶುರುವಾದದ್ದು. ಸಿಗ್ನಲ್ಲಿನಲ್ಲಿ ಬಸ್ ನಿಂತಾಗ ಬಲೆಯ ಆಚೆ ಯಾರೋ ಒಬ್ಬರು ಕ್ಲಬ್ ಎತ್ತಿ ಒಂದು ಕ್ಷಣ ಹಾಗೇ ನಿಂತಂತೆ ಕಾಣುತ್ತಿತ್ತು. ಆ ಒಂದು ಕ್ಷಣ ನನಗೆ ಹಿಡಿಸಿತು. ಅವರು ಹೊಡೆದ ಚೆಂಡು ಎಲ್ಲಿಗೆ ಹೋಯಿತು ಅಂತ ನೋಡುವ ಮೊದಲೇ ಬಸ್ಸು ಹೊರಟಿರುತ್ತಿತ್ತು. ಆಮೇಲೆ ಆಫೀಸಿನ ಗೆಳೆಯನೊಬ್ಬ ಹೊಡೆತ ಅಭ್ಯಾಸ ಮಾಡುವ ಡ್ರೈವಿಂಗ್ ರೇಂಜಿಗೆ ಕರೆದುಕೊಂಡು ಹೋದ. ಬಕೆಟ್ ಚೆಂಡು ಹೊಡೆದೆ. ಅಂಗೈ ಬೊಬ್ಬೆ ಬಂತು. ಮುಂದಿನ ಶನಿವಾರ ಮತ್ತೆ ಹೋದೆ.

2019ರಲ್ಲಿ ಅಪ್ಪನಿಗೆ ಹುಷಾರಿಲ್ಲದೆ ಊರಿಗೆ ಬಂದವನು ಇಲ್ಲೇ ಉಳಿದೆ. ಜವಳಿ ವ್ಯಾಪಾರ ನಮ್ಮ ಮನೆಯದು. ದಾವಣಗೆರೆ ಅಂದರೆ ಹೊರಗಿನವರಿಗೆ ಬೆಣ್ಣೆ ದೋಸೆ, ಮಂಡಕ್ಕಿ ಮಿರ್ಚಿ. ಸುತ್ತಲಿನ ಹಳ್ಳಿಗಳಿಗೆ, ತಾಲ್ಲೂಕುಗಳಿಗೆ ಇದು ಮದುವೆ ಜವಳಿ ತೆಗೆಯುವ ಊರು. ಹತ್ತಿ ಗಿರಣಿಗಳಿದ್ದ ಕಾಲದಲ್ಲಿ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದರು. ಗಿರಣಿಗಳು ಹೋದವು, ಬಟ್ಟೆ ಅಂಗಡಿಗಳು ಉಳಿದವು. ಗಾಲ್ಫ್ ಕಿಟ್ ಮಾತ್ರ ಎರಡು ವರ್ಷ ಅಟ್ಟದ ಮೇಲಿತ್ತು.

ಮತ್ತೆ ಕೆಳಗಿಳಿದದ್ದು ಅದಿತಿ ಅಶೋಕ್‌ ಅವರಿಂದ. 2021ರ ಆಗಸ್ಟ್ 7, ಶನಿವಾರ. ಟೋಕಿಯೊ ಒಲಿಂಪಿಕ್ಸ್‌ನ ಕೊನೆಯ ಸುತ್ತು. ಬೆಳಗ್ಗೆಯಿಂದ ಮೊಬೈಲ್ ಹಿಡಿದುಕೊಂಡು ಕೂತಿದ್ದೆ. ಬೆಂಗಳೂರಿನ ಆ ಹುಡುಗಿ ಒಂದೇ ಒಂದು ಹೊಡೆತದಲ್ಲಿ ಪದಕ ತಪ್ಪಿಸಿಕೊಂಡು ನಾಲ್ಕನೆಯವರಾದರು. ನನ್ನ ಪಕ್ಕದಲ್ಲಿ ಬಂದು ನಿಂತು ನೋಡಿದವರು ನಮ್ಮ ಕಾಕಾ. ‘ಇದ್ಯಾವ ಆಟ್ರಿ ಇದು, ಇಷ್ಟು ಸಣ್ಣ ಚೆಂಡಿಗೆ ಇಷ್ಟು ಉದ್ದ ಕೋಲು’ ಅಂದರು. ಅಂದಿನಿಂದ ಅವರಿಗೂ ಈ ಆಟ ಗೊತ್ತು.

ಕಾಕಾ ಅಂದರೆ ಅಪ್ಪನ ಕಾಲದಿಂದ ಅಂಗಡಿಯಲ್ಲಿರುವ ಸೇಲ್ಸ್‌ಮನ್. ನಾನು ಚಿಕ್ಕವನಿದ್ದಾಗ ಗಾದಿಯ ಮೇಲೆ ನಿದ್ದೆ ಹೋದರೆ ಎತ್ತಿ ಒಳಗೆ ಮಲಗಿಸುತ್ತಿದ್ದವರು ಅವರೇ. ಆದರೂ ಅಪ್ಪ ಗಲ್ಲಾ ಬಿಟ್ಟ ದಿನದಿಂದ ನನ್ನನ್ನು ‘ಸಣ್ ಸಾವ್ಕಾರ್ರೆ’ ಅಂತಲೇ ಕರೆಯುತ್ತಾರೆ. ಬೇಡ ಅಂದರೂ ಕೇಳುವುದಿಲ್ಲ. ಅವರ ಕಣ್ಣು ಬಟ್ಟೆ ಅಳೆದು ಪಳಗಿದ ಕಣ್ಣು. ಕಾಟನ್ ಬಟ್ಟೆಗೆ ಕತ್ತರಿಯಿಂದ ಒಂದು ಚಿಟಿಕೆ ಕಚ್ಚು ಹಾಕಿ, ಎರಡೂ ಕೈಯಲ್ಲಿ ಹಿಡಿದು ಸರ್ರನೆ ಹರಿದರೆ ನೂಲಿನ ಗುಂಟ ನೆಟ್ಟಗೆ ಹೋಗುತ್ತದೆ. ಒಂದೆಳೆ ಓರೆಯಾದರೂ ಅವರಿಗೆ ದೂರದಿಂದಲೇ ಗೊತ್ತಾಗುತ್ತದೆ. ಈ ಕಣ್ಣು ನನ್ನ ಬ್ಯಾಕ್‌ಸ್ವಿಂಗಿಗೆ ಉಪಯೋಗಕ್ಕೆ ಬರುತ್ತದೆ ಅಂತ ಆಗ ಹೊಳೆದಿರಲಿಲ್ಲ.

ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಚಿಕ್ಕಮಗಳೂರಿಗೆ ಹೋಗಿದ್ದೆ. ಚನ್ನಗಿರಿಯ ಅಡಿಕೆ ತೋಟಗಳನ್ನು ದಾಟಿ, ತರೀಕೆರೆ ಹಾದು, ಬೆಳಗಿನ ಜಾವ ಹೊರಟರೆ ದಾರಿ ಚೆಂದ. ಆಟ ಚೆಂದ ಇರಲಿಲ್ಲ. ಹೊಡೆದ ಚೆಂಡೆಲ್ಲ ಎಡಕ್ಕೆ ಹೊರಟು, ಗಾಳಿಯಲ್ಲಿ ಬಲಕ್ಕೆ ಬಾಗಿ ಮರಗಳ ಒಳಗೆ ಹೋಗುತ್ತಿತ್ತು. ಸ್ಲೈಸ್. ಗಾಲ್ಫ್ ಆಡುವ ಬಹಳಷ್ಟು ಜನ ಪರದಾಡುವುದು ಇದರ ಜೊತೆಗೇ. ಕ್ಲಬ್ಬಿನ ಮುಖ, ಅಂದರೆ ಚೆಂಡಿಗೆ ತಾಗುವ ಭಾಗ, ಕ್ಲಬ್ ಬೀಸುವ ದಾರಿಗೆ ಹೋಲಿಸಿದರೆ ಬಲಕ್ಕೆ ತೆರೆದುಕೊಂಡಿದ್ದರೆ ಚೆಂಡು ಹೀಗೆ ಬಾಗುತ್ತದೆ. ಮುಖ ಯಾಕೆ ತೆರೆದುಕೊಳ್ಳುತ್ತದೆ ಅನ್ನುವುದು ಪ್ರಶ್ನೆ. ಜೊತೆಗೆ ಆಡುತ್ತಿದ್ದವರು ಮೂರು ಜನ ಮೂರು ಕಾರಣ ಹೇಳಿದರು. ಗಟ್ಟಿ ಹಿಡೀಬೇಡಿ ಅಂದರು ಒಬ್ಬರು. ತಲೆ ಎತ್ತಬೇಡಿ ಅಂದರು ಇನ್ನೊಬ್ಬರು. ಮೂರನೆಯವರು ಮಾತ್ರ, ‘ನಿಮ್ಮ ಬ್ಯಾಕ್‌ಸ್ವಿಂಗ್ ಮೇಲೆ ಹೋದಾಗ ಎಲ್ಲಿರುತ್ತೆ ಅಂತ ನಿಮಗೆ ಗೊತ್ತಾ?’ ಅಂತ ಕೇಳಿದರು.

ಗೊತ್ತು ಅಂದುಕೊಂಡಿದ್ದೆ. ಭುಜ ಪೂರಾ ತಿರುಗುತ್ತದೆ, ಎಡಗೈ ನೆಟ್ಟಗಿರುತ್ತದೆ, ಕ್ಲಬ್ಬು ನೆಲಕ್ಕೆ ಸಮಾನಾಂತರ ಇರುತ್ತದೆ. ನನಗೆ ಹಾಗೇ ಅನಿಸುತ್ತಿತ್ತು.

ಊರಿಗೆ ಬಂದು ಮೊಬೈಲಿನಲ್ಲಿ ಸ್ಲೋ ಮೋಷನ್ ವಿಡಿಯೋ ಮಾಡಿದೆ. ನೋಡಿದರೆ ಅಲ್ಲಿದ್ದ ಮನುಷ್ಯ ನಾನು ಅಂದುಕೊಂಡ ಮನುಷ್ಯ ಅಲ್ಲ. ಭುಜ ಅರ್ಧಕ್ಕೇ ನಿಂತಿತ್ತು. ಭುಜ ನಿಂತ ಮೇಲೂ ಕೈಗಳು ಮೇಲೆ ಹೋಗುತ್ತಲೇ ಇದ್ದವು. ಎಡ ಮೊಣಕೈ ಮಡಿಚಿತ್ತು. ಎಡ ಮಣಿಕಟ್ಟು ಹಿಂದಕ್ಕೆ ಬಾಗಿ ಬಟ್ಟಲಿನ ಹಾಗೆ ಆಗಿತ್ತು. ಕ್ಲಬ್ಬಿನ ತುದಿ ತಲೆಯ ಮೇಲಿಂದ ದಾಟಿ ಗುರಿಯ ಬಲಕ್ಕೆ ಬೊಟ್ಟು ಮಾಡುತ್ತಿತ್ತು. ಅಕ್ರಾಸ್ ದ ಲೈನ್ ಅಂತಾರೆ ಅದಕ್ಕೆ. ಕಾಕಾ ವಿಡಿಯೋ ನೋಡಿ ಒಂದೇ ಮಾತು ಹೇಳಿದರು. ‘ಒನಕೆ ಎತ್ತಿದಂಗೆ ಎತ್ತಾ ಇದೀರಲ್ರಿ.’

ಆ ಮಾತಿನಲ್ಲಿ ರೋಗ ಏನು ಅಂತ ಇತ್ತು. ಬ್ಯಾಕ್‌ಸ್ವಿಂಗ್ ಅಂದರೆ ಎತ್ತುವುದಲ್ಲ, ತಿರುಗುವುದು. ಎತ್ತುವುದು ಸ್ವಲ್ಪ ಇರುತ್ತದೆ, ಆದರೆ ತಿರುಗುವುದರ ಜೊತೆಜೊತೆಗೆ. ಮೈ ತಿರುಗುವುದು ನಿಂತು ಕೈ ಮಾತ್ರ ಎತ್ತಿದರೆ, ಇಳಿಯುವಾಗಲೂ ಕೈಯೇ ಮೊದಲು ಇಳಿಯುತ್ತದೆ. ಕ್ಲಬ್ಬು ಹೊರಗಿನಿಂದ ಒಳಕ್ಕೆ ಕೊಯ್ದ ಹಾಗೆ ಬರುತ್ತದೆ. ಮಣಿಕಟ್ಟು ಬಟ್ಟಲಾಗಿದ್ದರೆ ಮುಖ ತೆರೆದೇ ಇರುತ್ತದೆ. ಎರಡೂ ಸೇರಿದರೆ ಚಿಕ್ಕಮಗಳೂರಿನ ಮರಗಳು.

ಅಲ್ಲಿಂದ ಶುರುವಾಯ್ತು ಈ ರಾತ್ರಿಯ ಕೆಲಸ.

ಮೊದಲ ವಾರ ಬರೀ ನಿಲ್ಲುವುದನ್ನೇ ನೋಡಿದೆ. ನೆಲದ ಮೇಲೆ ಬಟ್ಟೆ ಅಳೆಯುವ ಮೀಟರ್ ಕೋಲನ್ನು ಶಟರ್ ಕಡೆಗೆ ತುದಿ ಮಾಡಿ ಇಟ್ಟೆವು. ಶಟರೇ ಗುರಿ. ನನ್ನ ಕಾಲಿನ ಬೆರಳುಗಳು, ಮಂಡಿ, ಸೊಂಟ, ಭುಜ ಎಲ್ಲವೂ ಆ ಕೋಲಿಗೆ ಸಮಾನಾಂತರ ಇರಬೇಕು. ರೈಲು ಹಳಿಯ ಹಾಗೆ, ಒಂದು ಹಳಿ ಚೆಂಡಿನದು, ಇನ್ನೊಂದು ನನ್ನದು. ಕಾಕಾ ಹಿಂದೆ ನಿಂತು ನೋಡಿ, ‘ಕಾಲು ಸರಿ ಐತೆ, ಭುಜ ಎಡಕ್ಕೆ ಬಿಟ್ಟೀರಿ’ ಅಂದರು. ಕಾಲು ಸರಿಯಿದ್ದರೆ ಭುಜವೂ ಸರಿಯಿರುತ್ತದೆ ಅಂತ ನಾನು ನಂಬಿದ್ದೆ. ಬಲಗೈ ಹಿಡಿತದಲ್ಲಿ ಕೆಳಗಿರುತ್ತದಲ್ಲ, ಅದು ಬಲ ಭುಜವನ್ನು ಮುಂದಕ್ಕೆ ಎಳೆಯುತ್ತಿತ್ತು. ನಿಲ್ಲುವುದರಲ್ಲೇ ಓರೆ ಇದ್ದರೆ ಆಮೇಲಿನ ಯಾವ ಅಳತೆಯೂ ಸುಳ್ಳೇ. ಥಾನಿನ ಮೊದಲ ಕಚ್ಚು ಓರೆ ಬಿದ್ದ ಹಾಗೆ.

ಕನ್ನಡಿಯ ಬಗ್ಗೆ ಒಂದು ಮಾತು ಹೇಳಬೇಕು. ಎರಡು ಕನ್ನಡಿ ಬಳಸುತ್ತೇನೆ. ಗೋಡೆಯದು ಎದುರಿಗೆ. ಚಕ್ರದ ಮೇಲಿನ ನಿಲುಗನ್ನಡಿಯನ್ನು ನನ್ನ ಬಲಗಡೆ, ಅಂದರೆ ಗುರಿಯ ವಿರುದ್ಧ ದಿಕ್ಕಿಗೆ, ತಳ್ಳಿಕೊಂಡು ಬರುತ್ತೇನೆ. ಎದುರಿನ ಕನ್ನಡಿಯಲ್ಲಿ ತಲೆ ಪಕ್ಕಕ್ಕೆ ಜಾರಿತಾ, ಸೊಂಟ ಬಲಕ್ಕೆ ಸರಿಯಿತಾ, ಬಲ ಮಂಡಿ ನೆಟ್ಟಗಾಯಿತಾ ಅಂತ ಕಾಣುತ್ತದೆ. ಪಕ್ಕದ ಕನ್ನಡಿಯಲ್ಲಿ ಕ್ಲಬ್ಬಿನ ದಾರಿ ಕಾಣುತ್ತದೆ. ಆದರೆ ಕನ್ನಡಿ ನೋಡಲು ಕತ್ತು ತಿರುಗಿಸಿದರೆ ಭುಜವೂ ತಿರುಗುತ್ತದೆ. ಆಗ ಕನ್ನಡಿಯಲ್ಲಿ ಕಾಣುವುದು ಸ್ವಿಂಗ್ ಅಲ್ಲ, ನೋಡುವುದಕ್ಕೆ ಅಂತ ಮಾಡಿದ ಭಂಗಿ. ಇದು ಗೊತ್ತಾಗಲು ನನಗೆ ಎರಡು ವಾರ ಹಿಡಿಯಿತು. ಈಗ ಕಣ್ಣನ್ನು ನೆಲದ ಮೇಲೇ ಇಟ್ಟು ಕ್ಲಬ್ ಒಯ್ಯುತ್ತೇನೆ, ನಿಲ್ಲಿಸುತ್ತೇನೆ, ಅಲುಗಾಡದೆ ಎರಡು ಎಣಿಸುತ್ತೇನೆ, ಆಮೇಲೆ ಕಣ್ಣು ಹೊರಳಿಸುತ್ತೇನೆ.

ಮೊಬೈಲಿನದೂ ಹೀಗೇ. ಹಿಂದಿನಿಂದ, ಅಂದರೆ ಗುರಿಯ ವಿರುದ್ಧ ದಿಕ್ಕಿನಿಂದ, ತೆಗೆಯುವಾಗ ಕ್ಯಾಮೆರಾ ಕೈಗಳ ಎತ್ತರಕ್ಕೆ ಇರಬೇಕು, ಕೈಗಳ ನೇರಕ್ಕೆ ಇರಬೇಕು, ಗುರಿಯ ಗೆರೆಗೆ ಸಮಾನಾಂತರ ನೋಡುತ್ತಿರಬೇಕು. ಒಂದು ಗೇಣು ಆಚೆ ಈಚೆ ಆದರೂ ಕ್ಲಬ್ಬಿನ ದಿಕ್ಕು ಬೇರೆಯಾಗಿಯೇ ಕಾಣುತ್ತದೆ. ನಾನು ಒಂದು ರಾತ್ರಿ ಪೂರ್ತಿ ಸರಿಯಾಗಿದ್ದ ಸ್ವಿಂಗನ್ನು ತಪ್ಪು ಅಂತ ತಿದ್ದಿದೆ. ಮೊಬೈಲ್ ಇಟ್ಟಿದ್ದ ಸ್ಟೂಲು ಕಾಲಿಗೆ ತಾಗಿ ಸರಿದಿತ್ತು. ಈಗ ಟೈಲ್ಸ್ ಗೆರೆಯ ಮೇಲೆ ಟೈಲರ್ ಚಾಕಿನಿಂದ ಸ್ಟೂಲಿನ ನಾಲ್ಕೂ ಕಾಲಿಗೆ ಗುರುತು ಹಾಕಿದ್ದೇವೆ. ಹಗಲು ಗಿರಾಕಿಗಳು ಅದರ ಮೇಲೇ ಓಡಾಡುತ್ತಾರೆ. ಸಂಜೆಗೆ ಅಳಿಸಿದ್ದರೆ ಕಾಕಾ ಮತ್ತೆ ಗೆರೆ ಎಳೆಯುತ್ತಾರೆ.

ಬ್ಯಾಕ್‌ಸ್ವಿಂಗನ್ನು ಮೂರು ಕಡೆ ನಿಲ್ಲಿಸಿ ನೋಡುತ್ತೇನೆ. ಮೊದಲನೆಯದು ಕ್ಲಬ್ಬು ಸೊಂಟದ ಎತ್ತರಕ್ಕೆ ಬಂದು ನೆಲಕ್ಕೆ ಸಮಾನಾಂತರ ಆದಾಗ. ಆಗ ಅದು ಕೆಳಗಿನ ಮೀಟರ್ ಕೋಲಿಗೂ ಸಮಾನಾಂತರ ಇರಬೇಕು. ಹಿಂದಿನಿಂದ ನೋಡಿದರೆ ಕ್ಲಬ್ಬಿನ ತಲೆ ಕೈಗಳನ್ನು ಮುಚ್ಚಿದ ಹಾಗೆ ಕಾಣಬೇಕು. ತಲೆಯ ಅಂಚು ಪೂರಾ ಆಕಾಶ ನೋಡಬಾರದು. ಬಾಗಿದ ಬೆನ್ನಿನ ಓರೆಯಷ್ಟೇ ಅದೂ ಚೆಂಡಿನ ಕಡೆ ಬಾಗಿರಬೇಕು. ಮುಂಗೈಯನ್ನು ಉರುಳಿಸಿ ಕ್ಲಬ್ಬನ್ನು ಬೆನ್ನ ಹಿಂದಕ್ಕೆ ಎಳೆದರೆ ಇಲ್ಲೇ ಕೆಟ್ಟುಹೋಗುತ್ತದೆ. ಮೊದಲ ಎರಡು ಅಡಿಯಲ್ಲಿ ಕೈಗೆ ಕೆಲಸ ಕೊಡಬಾರದು. ಎದೆ ತಿರುಗಲಿ, ಕೈ ಅದರ ಜೊತೆ ಹೋಗಲಿ.

ಎರಡನೆಯದು ಎಡಗೈ ನೆಲಕ್ಕೆ ಸಮಾನಾಂತರ ಆದಾಗ. ಆ ಹೊತ್ತಿಗೆ ಮಣಿಕಟ್ಟು ಮಡಿಚಿ ಕ್ಲಬ್ಬು ಮೇಲಕ್ಕೆ ನಿಂತಿರುತ್ತದೆ. ಹಿಡಿಕೆಯ ತುದಿಯಿಂದ ಒಂದು ದಾರ ಇಳಿಬಿಟ್ಟು ಕ್ಲಬ್ಬಿನ ನೇರಕ್ಕೇ ಎಳೆದಿದ್ದೇವೆ ಅಂದುಕೊಳ್ಳಿ. ಅದು ಚೆಂಡು ಇರುವ ಗೆರೆಗೋ, ಅದಕ್ಕಿಂತ ಸ್ವಲ್ಪ ಈಚೆಗೋ ಬಂದು ಮುಟ್ಟಬೇಕು. ಕಾಲ ಬುಡಕ್ಕೆ ಬಂದರೆ ಕ್ಲಬ್ಬು ಜಾಸ್ತಿ ನೆಟ್ಟಗಾಯಿತು. ಚೆಂಡನ್ನು ದಾಟಿ ಆಚೆ ಹೋದರೆ ಜಾಸ್ತಿ ಮಲಗಿತು. ನಾವು ನಿಜವಾಗಿಯೂ ದಾರ ಕಟ್ಟಿ ನೋಡಿದೆವು. ಕಾಕಾ ಅದನ್ನು ಬಿಗಿಯಾಗಿ ಹಿಡಿದು ನೆಲಕ್ಕೆ ತಂದರು. ನನ್ನ ಕಾಲಿನ ಹೆಬ್ಬೆರಳ ಹತ್ತಿರ ಬಂದು ನಿಂತಿತು.

ಮೂರನೆಯದು ತುತ್ತತುದಿ. ಅಲ್ಲಿ ನೋಡಬೇಕಾದ್ದು ಜಾಸ್ತಿ, ಆದರೆ ನಾನು ಎರಡನ್ನೇ ನೋಡುತ್ತೇನೆ. ಎಡ ಮಣಿಕಟ್ಟು, ಮತ್ತು ಬೆನ್ನು.

ಮಣಿಕಟ್ಟಿಗೆ ಒಂದು ಉಪಾಯ ಸಿಕ್ಕಿತು. ಮಕ್ಕಳ ಪ್ಲಾಸ್ಟಿಕ್ ಸ್ಕೇಲನ್ನು ಎಡಗೈ ಮೇಲೆ ವಾಚಿನ ಪಟ್ಟಿಯೊಳಗೆ ಸಿಕ್ಕಿಸಿಕೊಳ್ಳುವುದು, ಅರ್ಧ ಮುಂಗೈ ಮೇಲೆ, ಅರ್ಧ ಹಿಂಗೈ ಮೇಲೆ ಬರುವ ಹಾಗೆ. ಕ್ಲಬ್ ಮೇಲೆ ಹೋದಾಗ ಮಣಿಕಟ್ಟು ಬಟ್ಟಲಾದರೆ ಸ್ಕೇಲಿನ ತುದಿ ಹಿಂಗೈಗೆ ಒತ್ತುತ್ತದೆ. ಚಪ್ಪಟೆ ಇದ್ದರೆ ಸುಮ್ಮನಿರುತ್ತದೆ. ಮೊದಲ ದಿನ ಕೈ ಮೇಲೆ ಕೆಂಪು ಗೆರೆಯೇ ಬಿತ್ತು. ನನ್ನ ಮಟ್ಟಿಗೆ ಮಣಿಕಟ್ಟು ಚಪ್ಪಟೆ ಇದೆ ಅಂತಲೇ ಅನಿಸುತ್ತಿತ್ತು. ಸ್ಕೇಲು ಇಲ್ಲ ಅನ್ನುತ್ತಿತ್ತು. ಸ್ಕೇಲು ಒತ್ತದ ಹಾಗೆ ಮಾಡಿದರೆ ಮಣಿಕಟ್ಟು ಒಳಕ್ಕೆ ಬಾಗಿ, ಗೇರ್ ಹಾಕುವಾಗ ಕೈ ತಿರುಚಿದ ಹಾಗೆ, ತೀರಾ ವಿಚಿತ್ರ ಅನಿಸುತ್ತಿತ್ತು. ವಿಡಿಯೋದಲ್ಲಿ ನೋಡಿದರೆ ಬರೀ ಚಪ್ಪಟೆ. ಗಾಲ್ಫಿನಲ್ಲಿ ನಾನು ಕಲಿತದ್ದರಲ್ಲಿ ಇದು ಎಲ್ಲಕ್ಕಿಂತ ದೊಡ್ಡದು. ಮೈಗೆ ಅನಿಸುವುದು ಬೇರೆ, ಆಗುವುದು ಬೇರೆ. ಹತ್ತು ವರ್ಷ ಒಂದು ಕಡೆ ಇದ್ದು ರೂಢಿಯಾದ ಕೈಗೆ ಆ ಜಾಗವೇ ಸೊನ್ನೆ. ಅಲ್ಲಿಂದ ಎರಡು ಬೆರಳು ಸರಿಸಿದರೆ ಒಂದು ಮೊಳ ಸರಿಸಿದ ಹಾಗೆ ಅನಿಸುತ್ತದೆ. ಆ ವಿಚಿತ್ರ ಅನಿಸಿಕೆಗೆ ಹೆದರಿ ಹಿಂದೆ ಬಂದರೆ ಮತ್ತೆ ಹಳೆಯ ಜಾಗಕ್ಕೇ ಬಂದ ಹಾಗೆ. ಅದಕ್ಕೇ ಹೊರಗಿನ ಕಣ್ಣು ಬೇಕು, ಅಲ್ವಾ?

ಇನ್ನು ಬೆನ್ನು. ಭುಜ 90 ಡಿಗ್ರಿ, ಸೊಂಟ 45 ಡಿಗ್ರಿ ತಿರುಗಬೇಕು ಅಂತ ಕಲಿಸುವವರು ಹೇಳುತ್ತಾರೆ. ಅಂದರೆ ತುದಿಯಲ್ಲಿ ಬೆನ್ನು ಗುರಿಯ ಕಡೆ ಇರಬೇಕು. ನನ್ನದು ಅಷ್ಟು ಬರುತ್ತಿರಲಿಲ್ಲ. ಕ್ಲಬ್ಬನ್ನು ಭುಜದ ಮೇಲೆ ಅಡ್ಡ ಹಿಡಿದು ತಿರುಗಿ ನೋಡಿದೆ. ಬಲವಂತ ಮಾಡಿದರೆ ಇಡೀ ಮೈ ಬಲಕ್ಕೆ ಜಾರುತ್ತಿತ್ತು. ತಿರುಗುವುದಕ್ಕೂ ಜಾರುವುದಕ್ಕೂ ಇರುವ ವ್ಯತ್ಯಾಸ ಓದಿದರೆ ಗೊತ್ತಾಗುವುದಿಲ್ಲ.

ಒಂದು ಮಧ್ಯಾಹ್ನ ಗೊತ್ತಾಯಿತು. ಮದುವೆ ಸೀಸನ್. ಹರಪನಹಳ್ಳಿ ಕಡೆಯ ಒಂದು ಮನೆತನ ಜವಳಿಗೆ ಬಂದಿತ್ತು. ಹದಿನಾಲ್ಕು ಜನ. ನಾನು ಗಲ್ಲಾದಲ್ಲಿ ಕೂತು ಬಿಲ್ ಬರೆಯುತ್ತಿದ್ದೆ. ಕಾಕಾ ಕೌಂಟರಿನ ಹಿಂದೆ ನಿಂತು ಸೀರೆ ತೋರಿಸುತ್ತಿದ್ದರು. ಅವರ ಕಾಲು ಗಿರಾಕಿಯ ಕಡೆಗೇ ಇತ್ತು. ರ‍್ಯಾಕು ಹಿಂದೆ. ಯಾರೋ ‘ಆ ನೇರಳೆ ಬಣ್ಣದ್ದು’ ಅಂದರು. ಕಾಕಾ ಕಾಲು ಕದಲಿಸಲಿಲ್ಲ. ಮಂಡಿ ಸ್ವಲ್ಪ ಬಾಗಿತ್ತು, ಹಾಗೇ ಇತ್ತು. ಬಲ ಸೊಂಟ ಹಿಂದಕ್ಕೆ ಹೋಯಿತು. ಪಕ್ಕಕ್ಕಲ್ಲ, ಹಿಂದಕ್ಕೆ. ಅದರ ಮೇಲೆ ಎದೆ ತಿರುಗಿತು. ಎದೆ ತಿರುಗಿದ್ದರಿಂದ ಭುಜ ತಿರುಗಿತು. ಭುಜ ತಿರುಗಿದ್ದರಿಂದ ಕೈ ರ‍್ಯಾಕಿಗೆ ಮುಟ್ಟಿತು. ಕೈಯನ್ನು ಅವರು ಚಾಚಲೇ ಇಲ್ಲ. ಒಂದು ಕ್ಷಣ ಅವರ ಎಡ ಭುಜ ಗಿರಾಕಿಗಳ ಕಡೆ ಇತ್ತು, ಗಲ್ಲ ಅದರ ಮೇಲಿತ್ತು. ಎಡ ಹಿಮ್ಮಡಿ ಒಂದು ಬೆರಳಿನಷ್ಟು ನೆಲ ಬಿಟ್ಟಿತ್ತು. ಆಮೇಲೆ ಹಿಮ್ಮಡಿ ಊರಿತು, ಸೊಂಟ ಬಂತು, ಭುಜ ಬಂತು, ಕೊನೆಗೆ ಕೈ ಬಂತು, ಸೀರೆ ಗಾಳಿಯಲ್ಲಿ ಬಿಚ್ಚಿಕೊಂಡು ಕೌಂಟರಿನ ಮೇಲೆ ಬಿತ್ತು.

ಪೆನ್ನು ಕೈಯಲ್ಲೇ ಉಳಿಯಿತು. ದಿನಕ್ಕೆ ಮುನ್ನೂರು ಸಲ ಮಾಡುವ ಕೆಲಸ ಅದು. ಅವರ ವಯಸ್ಸು ಅರವತ್ತರ ಮೇಲೆ. ಸೊಂಟ ನೋವು ಅಂತ ಅವರ ಬಾಯಲ್ಲಿ ನಾನು ಕೇಳಿಲ್ಲ.

ಆ ರಾತ್ರಿ ಕ್ಲಬ್ ಮುಟ್ಟಲಿಲ್ಲ. ಕಾಕಾನ ಜಾಗದಲ್ಲಿ ನಿಂತು ರ‍್ಯಾಕಿನಿಂದ ಥಾನು ತೆಗೆದೆ. ಮೊದಲು ನನ್ನ ಸೊಂಟ ಪಕ್ಕಕ್ಕೆ ಹೋಗಿ ಕೌಂಟರಿನ ಅಂಚಿಗೆ ತಾಗಿತು. ‘ಹಂಗಲ್ರಿ. ಕಿಸೆ ಹಿಂದಕ್ಕೆ ಹೋಗ್ಬೇಕು’ ಅಂದರು ಕಾಕಾ. ಪ್ಯಾಂಟಿನ ಬಲಗಡೆಯ ಹಿಂಗಿಸೆ ಹಿಂದಿನ ಗೋಡೆಯ ಕಡೆ ಹೋಗಬೇಕು. ಮತ್ತೆ ಗೋಡೆಗೆ ಒಂದಿಂಚು ಬಿಟ್ಟು ನಿಂತು, ಬಲ ಪೃಷ್ಠ ಗೋಡೆಗೆ ತಾಗುವ ಹಾಗೆ ತಿರುಗಿ ನೋಡಿದೆ. ತಾಗಿದರೆ ತಿರುಗಿದ ಹಾಗೆ. ತಾಗದೆ ಭಾರ ಬಲಗಾಲಿನ ಹೊರ ಅಂಚಿಗೆ ಹೋದರೆ ಜಾರಿದ ಹಾಗೆ. ಭಾರ ಬಲಗಾಲಿನ ಒಳಗಡೆಗೇ ಇರಬೇಕು. ಇದನ್ನು ಎಲ್ಲಿ ಬೇಕಾದರೂ ನಿಂತು ಮಾಡಬಹುದು. ಕುಂದುವಾಡ ಕೆರೆ ಏರಿಯ ಮೇಲೆ ಬೆಳಗ್ಗೆ ವಾಕಿಂಗ್ ಹೋದಾಗ ಬೆಂಚಿನ ಬೆನ್ನು ಹಿಡಿದುಕೊಂಡು ಮಾಡುತ್ತೇನೆ.

ಹಿಮ್ಮಡಿಯ ವಿಷಯದಲ್ಲಿ ನನ್ನದು ಗಟ್ಟಿ ಅಭಿಪ್ರಾಯ. ಎಡ ಹಿಮ್ಮಡಿ ನೆಲ ಬಿಡಬಾರದು ಅಂತ ಬೆಂಗಳೂರಿನಲ್ಲಿ ನನಗೆ ಕಲಿಸಿದ್ದರು. ಇಪ್ಪತ್ತು ವರ್ಷದ ಬೆನ್ನಿಗೆ ಅದು ಸರಿ. ದಿನವಿಡೀ ಗಲ್ಲಾದಲ್ಲಿ ಕೂರುವ 44ರ ಬೆನ್ನಿಗೆ ಅದು ಶಿಕ್ಷೆ. ಹಿಮ್ಮಡಿಯನ್ನು ಬಿಗಿದರೆ ಸೊಂಟ ತಿರುಗುವುದಿಲ್ಲ, ಸೊಂಟ ತಿರುಗದಿದ್ದರೆ ಭುಜ ತಿರುಗುವುದಿಲ್ಲ, ಆಗ ಕೈ ಒನಕೆಯಾಗುತ್ತದೆ. ಮೇಜರ್ ಅನ್ನುವ ದೊಡ್ಡ ಟೂರ್ನಿಗಳನ್ನು 18 ಸಲ ಗೆದ್ದ ಜ್ಯಾಕ್ ನಿಕ್ಲಾಸ್ ಜೀವನವಿಡೀ ಎಡ ಹಿಮ್ಮಡಿ ಎತ್ತಿಯೇ ಆಡಿದವರು. ಅವರ ಬಲ ಮೊಣಕೈ ಕೂಡ ಪುಸ್ತಕದಲ್ಲಿ ಹೇಳಿದ ಜಾಗದಲ್ಲಿ ಇರುತ್ತಿರಲಿಲ್ಲ, ಹೊರಕ್ಕೆ ಹಾರುತ್ತಿತ್ತು. ಜಿಮ್ ಫ್ಯೂರಿಕ್ ಕ್ಲಬ್ಬನ್ನು ಮೇಲೆ ಒಯ್ದು ಒಂದು ಸುತ್ತು ಹಾಕಿ ಇಳಿಸುತ್ತಾರೆ, ಅದೇ ಸ್ವಿಂಗಿನಲ್ಲಿ 2016ರಲ್ಲಿ ಅಮೆರಿಕದ ವೃತ್ತಿಪರ ಆಟಗಾರರ ಪಿಜಿಎ ಟೂರ್‌ನಲ್ಲಿ ಒಂದು ಸುತ್ತನ್ನು 58 ಹೊಡೆತಗಳಲ್ಲೇ ಮುಗಿಸಿದರು. ಸ್ಪೇನಿನ ಜಾನ್ ರಾಮ್ ಹುಟ್ಟಿದ್ದೇ ಬಲಗಾಲು ತಿರುಚಿಕೊಂಡು. ಆ ಕಾಲು ಒಪ್ಪುವಷ್ಟೇ ಗಿಡ್ಡ ಬ್ಯಾಕ್‌ಸ್ವಿಂಗ್ ಇಟ್ಟುಕೊಂಡು 2021ರಲ್ಲಿ ಯುಎಸ್ ಓಪನ್, 2023ರಲ್ಲಿ ಮಾಸ್ಟರ್ಸ್ ಗೆದ್ದರು. ಇವರೆಲ್ಲ ಅಳತೆಗೋಲಿಗೆ ಹೊಂದುವುದಿಲ್ಲ. ಹಾಗಂತ ಅಳತೆಯೇ ಬೇಡ ಅಂತ ಅಲ್ಲ. ತಮ್ಮ ಮೈ ಏನು ಮಾಡುತ್ತಿದೆ ಅಂತ ಅವರಿಗೆ ಗೊತ್ತಿತ್ತು. ಒಂದೇ ಕಡೆಗೆ ಸಾವಿರ ಸಲ ಹೋಗಿ ಬಂದವರು ಅವರು. ನನ್ನ ಕ್ಲಬ್ಬು ದಿನಕ್ಕೊಂದು ಕಡೆ ಹೋಗುತ್ತಿತ್ತು, ನನಗೆ ಗೊತ್ತೂ ಇರಲಿಲ್ಲ.

ಗಿಡ್ಡ ಬ್ಯಾಕ್‌ಸ್ವಿಂಗ್ ಇಟ್ಟುಕೊಳ್ಳುವವರಿಗೆ ಒಂದು ಸೂಕ್ಷ್ಮ ಇದೆ. ಕ್ಲಬ್ಬು ನೆಲಕ್ಕೆ ಪೂರಾ ಸಮಾನಾಂತರ ಬಂದಾಗ ಮಾತ್ರ ಅದು ಗುರಿಯ ಗೆರೆಗೆ ಸಮಾನಾಂತರ ತೋರಿಸಬೇಕು. ಅದಕ್ಕಿಂತ ಮೊದಲೇ ನಿಂತರೆ ಸ್ವಲ್ಪ ಎಡಕ್ಕೆ ತೋರಿಸುವುದೇ ಸರಿ. ನಾನು ಈಗ ಮುಕ್ಕಾಲಿಗೇ ನಿಲ್ಲಿಸುತ್ತೇನೆ. ಅಲ್ಲಿ ಗುರಿಗೆ ನೆಟ್ಟಗೆ ತೋರಿಸಲು ಹೋಗಿ ಸುಮಾರು ದಿನ ಹಾಳು ಮಾಡಿಕೊಂಡೆ.

ವೇಗದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಒಳ್ಳೆಯ ಆಟಗಾರರು ಮೇಲೆ ಹೋಗಲು ತೆಗೆದುಕೊಳ್ಳುವ ಹೊತ್ತು, ಇಳಿದು ಚೆಂಡು ಮುಟ್ಟಲು ತೆಗೆದುಕೊಳ್ಳುವ ಹೊತ್ತಿಗೆ ಹೆಚ್ಚುಕಡಿಮೆ ಮೂರರಷ್ಟು. ಮೇಲೆ ಹೋಗಲು ಮುಕ್ಕಾಲು ಸೆಕೆಂಡ್, ಇಳಿಯಲು ಕಾಲು ಸೆಕೆಂಡ್. ಕಾಲು ಸೆಕೆಂಡಿನಲ್ಲಿ ಯಾರೂ ಏನೂ ತಿದ್ದಲಾರರು. ತಿದ್ದುವುದಿದ್ದರೆ ಆ ಮುಕ್ಕಾಲು ಸೆಕೆಂಡಿನ ಒಳಗೆ. ಅದನ್ನೇ ನಾನು ರಾತ್ರಿ ಅರ್ಧ ಅರ್ಧ ನಿಮಿಷಕ್ಕೆ ಎಳೆದುಕೊಂಡು ನೋಡುತ್ತೇನೆ. ಮೆಲ್ಲಗೆ ಹತ್ತು ಸಲ, ನಿಲ್ಲಿಸಿ ನಿಲ್ಲಿಸಿ. ಆಮೇಲೆ ನಿಲ್ಲಿಸದೆ ಐದು ಸಲ. ಅಷ್ಟೇ. ಗಾಜಿನ ಶೋಕೇಸ್ ಇರುವ ಅಂಗಡಿಯಲ್ಲಿ ಜೋರಾಗಿ ಬೀಸುವ ಮಾತೇ ಇಲ್ಲ. ಫ್ಯಾನ್ ಆರಿಸಿಯೇ ಕ್ಲಬ್ ಎತ್ತುವುದು.

ಸಂಕ್ರಾಂತಿ ಆದ ಮೇಲೆ ಬೆಂಗಳೂರಿಗೆ ಹೋಗಿದ್ದೆ. ಹೆದ್ದಾರಿಯಲ್ಲಿ ಚಿತ್ರದುರ್ಗ ದಾಟುವಾಗ ಗುಡ್ಡದ ಮೇಲಿನ ಗಾಳಿಯಂತ್ರಗಳು ನಿಧಾನಕ್ಕೆ ಸುತ್ತುತ್ತಿದ್ದವು. ರೇಂಜಿನಲ್ಲಿ ಅರವತ್ತು ಚೆಂಡು ಹೊಡೆದೆ. ಎಲ್ಲವೂ ಸರಿ ಹೋದವು ಅಂತ ಹೇಳುವುದಿಲ್ಲ. ಮೊದಲ ಇಪ್ಪತ್ತು ಹಳೆಯ ಹಾಗೇ ಬಲಕ್ಕೆ ಬಾಗಿದವು. ಎದುರಿಗೆ ಚೆಂಡು ಕಂಡ ತಕ್ಷಣ ಕೈ ಮತ್ತೆ ಒನಕೆ ಹಿಡಿಯಿತು. ಆಮೇಲೆ ರ‍್ಯಾಕಿನಿಂದ ಥಾನು ತೆಗೆಯುವುದನ್ನು ನೆನೆಸಿಕೊಂಡೆ. ಕಿಸೆ ಹಿಂದಕ್ಕೆ. ಮೂವತ್ತನೆಯದೋ ಮೂವತ್ತೊಂದನೆಯದೋ ಚೆಂಡು, 150 ಗಜದ ಬೋರ್ಡಿನ ಕಡೆ ಹೊರಟಿದ್ದು ಅತ್ತಿತ್ತ ಬಾಗದೆ ಹಾಗೇ ಹೋಗಿ ಇಳಿಯಿತು. ಕೈಗೆ ಏನೂ ತಾಗಿದ ಹಾಗೆ ಇರಲಿಲ್ಲ. ಹಾಗೆ ಒಟ್ಟು ಹನ್ನೊಂದು ಚೆಂಡು ಹೋದವು. ಎಣಿಸಿದ್ದೇನೆ. ಊರಿಗೆ ಬಂದು ಕಾಕಾಗೆ ಹೇಳಿದೆ. ‘ಅರವತ್ತಕ್ಕೆ ಹನ್ನೊಂದಾ? ಬೋಣಿಗೆಗೆ ಪರವಾಗಿಲ್ರಿ’ ಅಂದರು.

ನಿನ್ನೆ ರಾತ್ರಿ ಮತ್ತೆ ನಿಂತಿದ್ದೆ. ಸ್ಕೇಲು ಒತ್ತಲಿಲ್ಲ. ಪಕ್ಕದ ಕನ್ನಡಿಯಲ್ಲಿ ಕ್ಲಬ್ಬು ಶಟರಿನ ಸ್ವಲ್ಪ ಎಡಕ್ಕೆ, ಎಲ್ಲಿರಬೇಕೋ ಅಲ್ಲೇ ಇತ್ತು. ಕಾಕಾ ಹಿಂದೆ ಕೈಕಟ್ಟಿ ನಿಂತಿದ್ದರು. ಏನೂ ಹೇಳಲಿಲ್ಲ. ನಾನೇ ಕೇಳಿದೆ, ‘ಹೇಗಿದೆ ಕಾಕಾ?’

‘ಕೋಲು ನೆಟ್ಟಗೈತ್ರಿ. ಆದ್ರೆ ಮ್ಯಾಲೆ ಹೋದ್ ಕೂಡ್ಲೆ ಉಸಿರು ಬಿಗಿ ಹಿಡೀತೀರಿ. ಭುಜ ನೋಡ್ರಿ.’

ಎದುರಿನ ಕನ್ನಡಿ ನೋಡಿದೆ. ಎರಡೂ ಭುಜ ಕಿವಿಯ ಹತ್ತಿರ ಬಂದಿದ್ದವು. ಉಸಿರು ಬಿಟ್ಟೆ. ಭುಜ ಇಳಿಯಿತು, ಅದರ ಜೊತೆ ಕ್ಲಬ್ಬೂ ಎರಡು ಬೆರಳು ಇಳಿದು ನಿಂತಿತು. ಇಷ್ಟು ದಿನ ಇದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಇನ್ನೊಂದು ಸಲ ನೋಡೋಣ ಅಂದೆ. ಕಾಕಾ ಶಟರ್ ಎಳೆಯುವ ಕೊಕ್ಕೆಯನ್ನು ಗೋಡೆಗೆ ಒರಗಿಸಿ, ಸ್ಟೂಲನ್ನು ಚಾಕಿನ ಗುರುತಿನ ಮೇಲೆ ಸರಿಯಾಗಿ ಇಟ್ಟು, ಮೊಬೈಲ್ ಕೊಡಿ ಅಂತ ಕೈ ಚಾಚಿದರು.